ಸುಣ್ಣಕಲ್ಲು ಪ್ರದೇಶದ ಬೀಳು ಹೊಲಗಳಲ್ಲಿ ಇಂಗಾಲ ಮತ್ತು ನೀರಿನ ವಿನಿಮಯ

ಸುಣ್ಣಕಲ್ಲು ಪ್ರದೇಶದ ಬೀಳು ಹೊಲಗಳಲ್ಲಿ ಇಂಗಾಲ ಮತ್ತು ನೀರಿನ ವಿನಿಮಯ ಎಂದರೆ, ಸುಣ್ಣಕಲ್ಲು ಅಥವಾ ಡಾಲೊಮೈಟ್ ಶಿಲೆಯ ಮೇಲೆ ಹಿಂದೆ ಸಾಗುವಳಿಯಾಗುತ್ತಿದ್ದು ಈಗ ಉಳುಮೆ ನಿಂತಿರುವ ಭೂಮಿಗೂ, ಅದರ ಮೇಲಿರುವ ವಾಯುಮಂಡಲಕ್ಕೂ, ಕೆಳಗಿರುವ ಬಂಡೆ ಮತ್ತು ಅಂತರ್ಜಲಕ್ಕೂ ನಡುವೆ ನಡೆಯುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಕೊಡುಕೊಳ್ಳುವಿಕೆ. ಬೇರೆ ಶಿಲೆಗಳ ಮೇಲಿನ ಬೀಳು ಭೂಮಿಯಲ್ಲಿ ಈ ವ್ಯವಹಾರವು ಮುಖ್ಯವಾಗಿ ಗಿಡ, ಮಣ್ಣು ಮತ್ತು ಗಾಳಿಗಳ ನಡುವೆ ನಡೆಯುತ್ತದೆ. ಸುಣ್ಣಕಲ್ಲಿನ ನಾಡಿನಲ್ಲಿ ಬಂಡೆಯೂ ಅದರಲ್ಲಿ ಪಾಲುದಾರ. ಅದು ನೀರಿನಲ್ಲಿ ಕರಗುತ್ತದೆ, ಕರಗುವಾಗ ಇಂಗಾಲವನ್ನು ಹಿಡಿದುಕೊಳ್ಳುತ್ತದೆ, ಬಿರುಕುಗಳ ಮೂಲಕ ನೀರನ್ನು ಕ್ಷಣಾರ್ಧದಲ್ಲಿ ನುಂಗಿಬಿಡುತ್ತದೆ.

ಕಳೆದ ಮೂರು ದಶಕಗಳಲ್ಲಿ ಈ ವಿಷಯಕ್ಕೆ ಮಹತ್ವ ಬಂದಿರುವುದಕ್ಕೆ ಎರಡು ಕಾರಣಗಳಿವೆ. ನೈರುತ್ಯ ಚೀನಾದಲ್ಲಿಯೂ ಮೆಡಿಟರೇನಿಯನ್ ಸುತ್ತಲಿನ ಯೂರೋಪಿನಲ್ಲಿಯೂ ಲಕ್ಷಾಂತರ ಹೆಕ್ಟೇರ್ ಇಳಿಜಾರು ಹೊಲಗಳು ಬೀಳು ಬಿದ್ದಿವೆ ಎಂಬುದು ಮೊದಲನೆಯದು. ಈ ಹೊಲಗಳು ಹಸಿರಾಗುವಾಗ ವಾಯುಮಂಡಲದಿಂದ ಇಂಗಾಲವನ್ನು ಹೀರುತ್ತವೆ ಎಂದು ಲೆಕ್ಕ ಹಿಡಿಯಲಾಗುತ್ತಿದೆ. ಆದರೆ ಅದೇ ಹಸಿರು ಕೆಳಗಿನ ಊರುಗಳ ಚಿಲುಮೆಗಳಿಗೆ ಸೇರಬೇಕಾದ ನೀರನ್ನೂ ಕುಡಿಯುತ್ತದೆ ಎಂಬುದು ಎರಡನೆಯದು.

ಕಾರ್ಸ್ಟ್ ಭೂಮಿಯ ಸ್ವರೂಪ

ನೀರಿನಲ್ಲಿ ಕರಗುವ ಶಿಲೆಗಳಿಂದ ರೂಪುಗೊಂಡ ಭೂಪ್ರದೇಶವನ್ನು ಭೂವಿಜ್ಞಾನದಲ್ಲಿ ಕಾರ್ಸ್ಟ್ ಎಂದು ಕರೆಯುತ್ತಾರೆ. ಸ್ಲೊವೇನಿಯಾ ಮತ್ತು ಇಟಲಿಗಳ ಗಡಿಯಲ್ಲಿರುವ ಕ್ರಾಸ್ ಎಂಬ ಪ್ರಸ್ಥಭೂಮಿಯ ಹೆಸರಿನ ಜರ್ಮನ್ ರೂಪವೇ ಈ ಪದ. ಹಿಮವಿಲ್ಲದ ನೆಲಭಾಗದ ಸುಮಾರು ಶೇ. 15ರಷ್ಟರಲ್ಲಿ ಕಾರ್ಬನೇಟ್ ಶಿಲೆಗಳು ಮೇಲ್ಮೈಗೆ ಬಂದಿವೆ. ಜಗತ್ತಿನ ಜನಸಂಖ್ಯೆಯ ಸುಮಾರು ಹತ್ತರಲ್ಲೊಂದು ಪಾಲು ಕುಡಿಯುವ ನೀರಿಗಾಗಿ ಇಂತಹ ಶಿಲೆಗಳ ಅಂತರ್ಜಲವನ್ನು ಅವಲಂಬಿಸಿದೆ.

ಕಾರ್ಸ್ಟ್ ನಾಡಿನಲ್ಲಿ ಹೊಳೆಹಳ್ಳಗಳು ವಿರಳ. ಮಳೆ ಬಿದ್ದ ನೀರು ಬಿರುಕು, ಕುಳಿ ಮತ್ತು ಗುಹೆಗಳ ಮೂಲಕ ಒಳಗಿಳಿದು, ಬಹುದೂರದಲ್ಲಿ ದೊಡ್ಡ ಚಿಲುಮೆಯಾಗಿ ಹೊರಬರುತ್ತದೆ. ಮಣ್ಣಿನ ಪದರ ಬಹಳ ತೆಳು. ಗ್ರಾನೈಟ್ ಶಿಥಿಲಗೊಂಡಾಗ ಅದರ ಬಹುಪಾಲು ಮಣ್ಣಾಗಿ ಉಳಿಯುತ್ತದೆ. ಶುದ್ಧ ಸುಣ್ಣಕಲ್ಲು ಹಾಗಲ್ಲ, ಅದು ಕರಗಿ ಹೋಗುತ್ತದೆ. ಮಣ್ಣಾಗಿ ಉಳಿಯುವುದು ಅದರಲ್ಲಿ ಬೆರೆತಿದ್ದ ಅಲ್ಪಸ್ವಲ್ಪ ಜೇಡಿ ಮಾತ್ರ. ಆದ್ದರಿಂದ ಒಂದು ಸೆಂಟಿಮೀಟರ್ ಮಣ್ಣು ಸಿದ್ಧವಾಗಲು ಸಾವಿರಾರು ವರ್ಷಗಳು ಬೇಕಾಗುತ್ತವೆ. ಒಮ್ಮೆ ಕೊಚ್ಚಿಹೋದ ಮಣ್ಣು ಮನುಷ್ಯರ ಲೆಕ್ಕದಲ್ಲಿ ಮರಳಿ ಬರುವುದಿಲ್ಲ ಎಂದೇ ಹೇಳಬೇಕು. ಮಣ್ಣು ಹೊರಕ್ಕೆ ಕೊಚ್ಚಿಹೋಗುವುದಷ್ಟೇ ಅಲ್ಲದೆ, ಬಿರುಕುಗಳೊಳಗೆ ಸೋರಿ ಕೆಳಕ್ಕೂ ಇಳಿಯುವುದು ಈ ನಾಡಿನ ಇನ್ನೊಂದು ವಿಶೇಷ.

ಬಂಡೆಯ ಮೇಲ್ಪದರದಲ್ಲಿ, ಕೆಲವು ಮೀಟರುಗಳ ಆಳದವರೆಗೆ, ಬಿರುಕುಗಳು ದಟ್ಟವಾಗಿರುತ್ತವೆ. ಇದಕ್ಕೆ ಎಪಿಕಾರ್ಸ್ಟ್ ಎಂಬ ಹೆಸರಿದೆ. ಬಿರುಕುಗಳಲ್ಲಿ ತುಂಬಿಕೊಂಡ ಮಣ್ಣೂ ನೀರೂ ಅಲ್ಲಿ ಕೆಲಕಾಲ ತಂಗುತ್ತವೆ. ಮೇಲೆ ನೋಡಿದರೆ ಬರಿ ಕಲ್ಲೆನಿಸುವ ಇಳಿಜಾರಿನಲ್ಲಿ ಮರವೊಂದು ಬೇಸಗೆಯಲ್ಲಿಯೂ ಹಸಿರಾಗಿ ನಿಲ್ಲುವುದರ ರಹಸ್ಯ ಈ ಪದರದಲ್ಲಿದೆ.

ಹೊಲಗಳು ಬೀಳು ಬಿದ್ದ ಬಗೆ

ಈ ವಿಷಯದ ಬಗ್ಗೆ ಅತಿ ಹೆಚ್ಚಿನ ಅಧ್ಯಯನಗಳು ನಡೆದಿರುವುದು ನೈರುತ್ಯ ಚೀನಾದ ಗ್ವೆಯ್‌ಜೋ, ಗ್ವಾಂಗ್‌ಷಿ ಮತ್ತು ಯುನ್ನಾನ್ ಪ್ರಾಂತಗಳಲ್ಲಿ. ಗ್ವೆಯ್‌ಜೋ ಪ್ರಾಂತದ ಶೇ. 60ಕ್ಕೂ ಹೆಚ್ಚು ಭಾಗ ಕಾರ್ಸ್ಟ್. ಅಲ್ಲಿ ಸಮತಟ್ಟಾದ ನೆಲವೂ ಇಲ್ಲ, ಬಿಸಿಲೂ ಇಲ್ಲ, ಜನರ ಕೈಯಲ್ಲಿ ಕಾಸೂ ಇಲ್ಲ ಎಂಬರ್ಥದ ಹಳೆಯ ಮಾತು ಚೀನಾದಲ್ಲೆಲ್ಲ ಪ್ರಚಲಿತ. ಅಮೆರಿಕ ಖಂಡದಿಂದ ಬಂದ ಮೆಕ್ಕೆಜೋಳವು ಕಡಿದಾದ ಕಲ್ಲುನೆಲದಲ್ಲಿಯೂ ಬೆಳೆಯುತ್ತಿದ್ದುದರಿಂದ, ಜನಸಂಖ್ಯೆ ಏರಿದಂತೆ ಸಾಗುವಳಿ ಗುಡ್ಡದ ಮೇಲೆಮೇಲಕ್ಕೆ ಹೋಯಿತು. ಬಂಡೆಗಳ ಸಂದುಗಳಲ್ಲಿ ಬೊಗಸೆಯಷ್ಟು ಮಣ್ಣಿದ್ದರೂ ಅಲ್ಲೊಂದು ಜೋಳದ ಗಿಡವನ್ನು ನೆಡುತ್ತಿದ್ದರು. ಕಾಡು ಹೋಯಿತು, ಮಣ್ಣು ಹೋಯಿತು, ಕೊನೆಗೆ ಬಂಡೆ ಬಯಲಾಯಿತು. ಇದನ್ನು ಚೀನೀ ವಿದ್ವಾಂಸರು ಶಿಲಾ ಮರುಭೂಮೀಕರಣ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ವರ್ಷಕ್ಕೆ 1,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆಯಲ್ಲಿ ಮರುಭೂಮಿ ಎಂಬ ಮಾತು ವಿಚಿತ್ರವೆನಿಸಬಹುದು. ಆದರೆ ಮಣ್ಣಿಲ್ಲದ ಮೇಲೆ ಮಳೆ ಬಂದರೂ ನಿಲ್ಲುವ ಎಡೆಯಿಲ್ಲ.

1998ರಲ್ಲಿ ಯಾಂಗ್ಟ್ಸಿ ನದಿಯ ಭೀಕರ ಪ್ರವಾಹದ ಬಳಿಕ ಚೀನಾ ಸರ್ಕಾರವು ಇಳಿಜಾರಿನ ಸಾಗುವಳಿಯನ್ನು ನಿಲ್ಲಿಸಿ ಕಾಡು ಮತ್ತು ಹುಲ್ಲುಗಾವಲುಗಳನ್ನು ಮರಳಿಸುವ ಯೋಜನೆಯನ್ನು ಕೈಗೊಂಡಿತು. 1999ರಲ್ಲಿ ಸಿಚುವಾನ್, ಶಾನ್‌ಷಿ ಮತ್ತು ಗಾನ್ಸುಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಇದು 2002ರ ವೇಳೆಗೆ ದೇಶದ ಬಹುಭಾಗಕ್ಕೆ ವಿಸ್ತರಿಸಿತು. 25 ಡಿಗ್ರಿಗಿಂತ ಕಡಿದಾದ ಹೊಲಗಳು ಇದರ ಮುಖ್ಯ ಗುರಿ. ಸಾಗುವಳಿ ಬಿಟ್ಟ ರೈತರಿಗೆ ಯಾಂಗ್ಟ್ಸಿ ಜಲಾನಯನದಲ್ಲಿ ಹೆಕ್ಟೇರಿಗೆ ವರ್ಷಕ್ಕೆ 2,250 ಕಿಲೋ ಧಾನ್ಯ ಕೊಡುವುದೆಂದು ಮೊದಲು ನಿಗದಿಯಾಗಿತ್ತು. ಮುಂದೆ ಧಾನ್ಯದ ಬದಲು ಹಣ ಕೊಡಲಾಯಿತು. ಯೋಜನೆಯ ಹೊರಗೂ ಅಪಾರ ಭೂಮಿ ತಾನಾಗಿ ಬೀಳು ಬಿತ್ತು. ಯುವಕರು ಕರಾವಳಿಯ ಕಾರ್ಖಾನೆಗಳಿಗೆ ಹೋದರು, ಹಳ್ಳಿಗಳಲ್ಲಿ ಮುದುಕರು ಉಳಿದರು; ದೂರದ ಗುಡ್ಡದ ಹೊಲಕ್ಕೆ ಗೊಬ್ಬರ ಹೊರುವವರು ಇಲ್ಲವಾದರು. ಸರ್ಕಾರಿ ಸಮೀಕ್ಷೆಗಳ ಪ್ರಕಾರ ಚೀನಾದಲ್ಲಿ ಶಿಲಾ ಮರುಭೂಮಿಯ ವಿಸ್ತೀರ್ಣವು 2005ರಲ್ಲಿ ಸುಮಾರು 1.3 ಲಕ್ಷ ಚದರ ಕಿಲೋಮೀಟರ್ ಇದ್ದುದು 2016ರಲ್ಲಿ ಸುಮಾರು 1 ಲಕ್ಷ ಚದರ ಕಿಲೋಮೀಟರಿಗೆ ಇಳಿದಿದೆ. ಇದರಲ್ಲಿ ನೆಟ್ಟ ಕಾಡಿನ ಪಾಲೆಷ್ಟು, ತಾನಾಗಿ ಚಿಗುರಿದ ಬೀಳಿನ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ನೋಡಬೇಕು. ಇಂಗಾಲ ಮತ್ತು ನೀರಿನ ಲೆಕ್ಕದಲ್ಲಿ ಇವೆರಡೂ ಒಂದೇ ಅಲ್ಲ.

ಬೀಳು ಬಿಟ್ಟ ಹೊಲದಲ್ಲಿ ಮೊದಲು ಬರುವುದು ಹುಲ್ಲು ಮತ್ತು ಕಳೆ. ಕೆಲವು ವರ್ಷಗಳಲ್ಲಿ ಮುಳ್ಳಿನ ಪೊದೆಗಳು ಸೇರುತ್ತವೆ. ಗ್ವೆಯ್‌ಜೋದಲ್ಲಿ ಕೆಂಪು ಹಣ್ಣಿನ ಪೈರಕ್ಯಾಂತ ಮತ್ತು ಕಾಡುಗುಲಾಬಿಗಳು ಇವುಗಳಲ್ಲಿ ಮುಖ್ಯ. ಬೇರುಬೊಡ್ಡೆಗಳು ಉಳಿದಿದ್ದರೆ, ಬೀಜ ತರುವ ಹಕ್ಕಿಗಳಿದ್ದರೆ, ಕೆಲವು ದಶಕಗಳಲ್ಲಿ ಮರಗಳು ಮೇಲೇಳುತ್ತವೆ. ಕೆಲವೆಡೆ ರೈತರು ಕೈಕಟ್ಟಿ ಕೂರದೆ ಬೇರೆ ಬೆಳೆಗೆ ತಿರುಗಿದ್ದಾರೆ. ಹ್ವಾಜ್ಯಾಂಗ್ ಕಣಿವೆಯ ಕಲ್ಲುಗುಡ್ಡಗಳಲ್ಲಿ ಬೆಳೆಸಿದ ಚೀನೀ ಮೆಣಸಿನ ಗಿಡ ಇದಕ್ಕೆ ಪ್ರಸಿದ್ಧ ಉದಾಹರಣೆ. ಇದು ನಮ್ಮ ಮಲೆನಾಡಿನ ಜುಮ್ಮನಕಾಯಿಯ ಕುಲಕ್ಕೇ ಸೇರಿದ ಗಿಡ.

ಇಂಗಾಲದ ಮೊದಲ ದಾರಿ: ಗಿಡ ಮತ್ತು ಮಣ್ಣು

ಗಿಡಗಳು ದ್ಯುತಿಸಂಶ್ಲೇಷಣೆಯಿಂದ ಗಾಳಿಯ ಇಂಗಾಲವನ್ನು ಹಿಡಿಯುತ್ತವೆ. ಅವುಗಳ ಉಸಿರಾಟದಿಂದಲೂ ಮಣ್ಣಿನ ಸೂಕ್ಷ್ಮಜೀವಿಗಳ ಉಸಿರಾಟದಿಂದಲೂ ಒಂದಷ್ಟು ಮರಳಿ ಗಾಳಿಗೆ ಹೋಗುತ್ತದೆ. ಇವೆರಡರ ವ್ಯತ್ಯಾಸವೇ ನಿವ್ವಳ ಲಾಭ. ಸಾಗುವಳಿಯ ಹೊಲದಲ್ಲಿ ಬೆಳೆದುದನ್ನು ಕೊಯ್ದು ಹೊರಗೆ ಸಾಗಿಸುವುದರಿಂದ ನೆಲಕ್ಕೆ ಉಳಿಯುವುದು ಕಡಿಮೆ. ಉಳುಮೆಯಿಂದ ಮಣ್ಣಿನ ಹೆಂಟೆಗಳು ಒಡೆದು, ಒಳಗೆ ಅಡಗಿದ್ದ ಜೀವಾಂಶ ಬೇಗ ಕೊಳೆತು ಹೋಗುತ್ತದೆ. ಉಳುಮೆ ನಿಂತಾಗ ಈ ಎರಡೂ ನಷ್ಟಗಳು ನಿಲ್ಲುತ್ತವೆ.

ಸುಣ್ಣಕಲ್ಲಿನ ಮಣ್ಣಿನಲ್ಲಿ ಕ್ಯಾಲ್ಸಿಯಂ ಹೇರಳವಾಗಿರುವುದರಿಂದ ಅದು ಜೀವಾಂಶವನ್ನು ಜೇಡಿಯ ಕಣಗಳೊಂದಿಗೆ ಬಿಗಿದು, ಸೂಕ್ಷ್ಮಜೀವಿಗಳಿಗೆ ಸುಲಭವಾಗಿ ಸಿಗದಂತೆ ಮಾಡುತ್ತದೆ. ಕಾಡಿನ ಕೆಳಗಿರುವ ಕಾರ್ಸ್ಟ್ ಮಣ್ಣು ಕಪ್ಪಾಗಿ, ಜೀವಾಂಶದಿಂದ ತುಂಬಿರುವುದು ಇದರಿಂದಲೇ. ಹಾಗೆಂದು ಈ ಸಂಪತ್ತು ಉಳುಮೆಯನ್ನು ತಾಳಿಕೊಳ್ಳುವುದಿಲ್ಲ. ಗ್ವಾಂಗ್‌ಷಿಯ ಹ್ವಾನ್‌ಜ್ಯಾಂಗ್ ಎಂಬಲ್ಲಿರುವ ಚೀನೀ ವಿಜ್ಞಾನ ಅಕಾಡೆಮಿಯ ಕಾರ್ಸ್ಟ್ ಸಂಶೋಧನಾ ಕೇಂದ್ರದ ಅಧ್ಯಯನಗಳು, ಉಳಲಾರಂಭಿಸಿದ ಮೊದಲ ಕೆಲವು ವರ್ಷಗಳಲ್ಲಿಯೇ ಇಂಗಾಲ ತೀವ್ರವಾಗಿ ಕುಸಿಯುವುದನ್ನು ತೋರಿಸಿವೆ. ಕಳೆದುಕೊಳ್ಳಲು ಸಾಕಾಗುವ ವರ್ಷಗಳಿಗಿಂತ ಮರಳಿ ಗಳಿಸಲು ಬೇಕಾಗುವ ವರ್ಷಗಳು ಬಹುಪಾಲು ಹೆಚ್ಚು. ಮರಳಿಕೆಯ ವೇಗಕ್ಕೆ ಪೋಷಕಾಂಶಗಳ ಮಿತಿಯೂ ಇದೆ: ಆರಂಭದಲ್ಲಿ ಸಾರಜನಕದ ಕೊರತೆ, ಕಾಡು ಬಲಿತಂತೆ ರಂಜಕದ ಕೊರತೆ. ರಂಜಕವನ್ನು ಕ್ಯಾಲ್ಸಿಯಂ ಹಿಡಿದಿಟ್ಟುಕೊಂಡು ಬೇರುಗಳಿಗೆ ಬಿಡದಿರುವುದೇ ಎರಡನೆಯದಕ್ಕೆ ಕಾರಣ.

ಮಣ್ಣಿನಲ್ಲಿರುವ ಹಳೆಯ ಇಂಗಾಲವನ್ನೂ ಹೊಸದಾಗಿ ಸೇರಿದುದನ್ನೂ ಬೇರ್ಪಡಿಸಲು ಒಂದು ಜಾಣ ಉಪಾಯವಿದೆ. ಮೆಕ್ಕೆಜೋಳವು ದ್ಯುತಿಸಂಶ್ಲೇಷಣೆ ನಡೆಸುವ ಬಗೆಯೇ ಬೇರೆಯಾದ್ದರಿಂದ ಅದರ ದೇಹದಲ್ಲಿ ಭಾರವಾದ ಇಂಗಾಲ-13ರ ಪ್ರಮಾಣ ಪೊದೆ ಮತ್ತು ಮರಗಳಿಗಿಂತ ತುಸು ಹೆಚ್ಚು. ಜೋಳದ ಹೊಲ ಬೀಳು ಬಿದ್ದು ಪೊದೆ ಬೆಳೆದಾಗ ಮಣ್ಣಿನ ಇಂಗಾಲ-13ರ ಪ್ರಮಾಣ ಇಳಿಯುತ್ತ ಹೋಗುತ್ತದೆ. ಎಷ್ಟು ಇಳಿದಿದೆ ಎಂಬುದರಿಂದ ಜೋಳದ ಕಾಲದ ಇಂಗಾಲ ಎಷ್ಟು ಉಳಿದಿದೆ, ಪೊದೆಯದು ಎಷ್ಟು ಸೇರಿದೆ ಎಂದು ಲೆಕ್ಕ ಹಾಕಬಹುದು.

ಇಂಗಾಲದ ಎರಡನೆಯ ದಾರಿ: ಬಂಡೆ ಕರಗುವಿಕೆ

ಪ್ರೌಢಶಾಲೆಯಲ್ಲಿ ಎಲ್ಲರೂ ನೋಡಿರುವ ಒಂದು ಪ್ರಯೋಗವಿದೆ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿದರೆ ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಸಾಮಾನ್ಯವಾಗಿ ಪ್ರಯೋಗವನ್ನು ಇಲ್ಲಿಗೇ ನಿಲ್ಲಿಸಿಬಿಡುವುದುಂಟು. ಆದರೆ ಬಿಡದೆ ಊದುತ್ತಿದ್ದರೆ ಬಿಳುಪು ಮಾಯವಾಗಿ ನೀರು ಮತ್ತೆ ತಿಳಿಯಾಗುತ್ತದೆ. ಮೊದಲು ಉಂಟಾದ ಬಿಳಿಯ ಕ್ಯಾಲ್ಸಿಯಂ ಕಾರ್ಬನೇಟ್, ಅಂದರೆ ಸುಣ್ಣಕಲ್ಲಿನ ಪುಡಿಯೇ, ಹೆಚ್ಚಿನ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಕರಗುವ ಬೈಕಾರ್ಬನೇಟ್ ಆಗುವುದೇ ಇದರ ಕಾರಣ. ಕಾರ್ಸ್ಟ್ ಗುಡ್ಡಗಳಲ್ಲಿ ಲಕ್ಷಾಂತರ ವರ್ಷಗಳಿಂದ ನಡೆಯುತ್ತಿರುವುದು ಈ ಎರಡನೆಯ ಹಂತದ ಕ್ರಿಯೆ.

ಅಲ್ಲಿ ಊದುವ ಕೆಲಸವನ್ನು ಬೇರುಗಳು ಮತ್ತು ಮಣ್ಣಿನ ಜೀವಿಗಳು ಮಾಡುತ್ತವೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 0.04ರಷ್ಟಿದ್ದರೆ, ಗಿಡಗಂಟೆಗಳಿರುವ ಮಣ್ಣಿನೊಳಗಿನ ಗಾಳಿಯಲ್ಲಿ ಅದು ಶೇ. 1ರವರೆಗೂ, ಕೆಲವೊಮ್ಮೆ ಇನ್ನೂ ಹೆಚ್ಚಿಗೂ ಏರುತ್ತದೆ. ಮಳೆನೀರು ಇದನ್ನು ಹೀರಿಕೊಂಡು ದುರ್ಬಲ ಆಮ್ಲವಾಗಿ ಬಂಡೆಯನ್ನು ಕರಗಿಸುತ್ತದೆ. 100 ಗ್ರಾಂ ಶುದ್ಧ ಸುಣ್ಣಕಲ್ಲು ಹೀಗೆ ಕರಗಲು 44 ಗ್ರಾಂ ಇಂಗಾಲದ ಡೈಆಕ್ಸೈಡ್ ಬೇಕು. ಅದರಲ್ಲಿರುವ ಇಂಗಾಲ 12 ಗ್ರಾಂ. ಬಂಡೆಯಿಂದ ಬರುವ ಇಂಗಾಲವೂ 12 ಗ್ರಾಂ. ಚಿಲುಮೆಯ ನೀರಿನಲ್ಲಿ ಕರಗಿರುವ ಬೈಕಾರ್ಬನೇಟಿನ ಅರ್ಧ ಮಾತ್ರ ಗಾಳಿ ಅಥವಾ ಮಣ್ಣಿನಿಂದ ಬಂದುದು, ಇನ್ನರ್ಧ ಕಲ್ಲಿನದು ಎಂಬುದನ್ನು ಮರೆಯಬಾರದು. ಇದನ್ನು ಮರೆತ ಲೆಕ್ಕಗಳು ಎರಡು ಪಟ್ಟು ಹೆಚ್ಚಿನ ಉತ್ತರವನ್ನು ಕೊಡುತ್ತವೆ.

ಈ ದಾರಿಯ ಗಾತ್ರವನ್ನು ಒಂದು ಸರಳ ಲೆಕ್ಕದಿಂದ ಅಂದಾಜು ಮಾಡಬಹುದು. ಒಂದು ಚದರ ಮೀಟರ್ ನೆಲದಿಂದ ವರ್ಷಕ್ಕೆ 500 ಲೀಟರ್ ನೀರು ಕೆಳಗಿಳಿಯುತ್ತದೆ, ಪ್ರತಿ ಲೀಟರಿನಲ್ಲಿ 244 ಮಿಲಿಗ್ರಾಂ ಬೈಕಾರ್ಬನೇಟ್ ಇದೆ ಎಂದಿಟ್ಟುಕೊಳ್ಳೋಣ. ಲೀಟರಿಗೆ ಒಟ್ಟು ಇಂಗಾಲ 48 ಮಿಲಿಗ್ರಾಂ; ಅದರಲ್ಲಿ ಕಲ್ಲಿನ ಪಾಲನ್ನು ಕಳೆದರೆ 24 ಮಿಲಿಗ್ರಾಂ. ವರ್ಷಕ್ಕೆ ಚದರ ಮೀಟರಿಗೆ 12 ಗ್ರಾಂ ಇಂಗಾಲ. ಚೆನ್ನಾಗಿ ಬೆಳೆಯುತ್ತಿರುವ ಎಳೆಯ ಕಾಡು ಅದೇ ನೆಲದಲ್ಲಿ ವರ್ಷಕ್ಕೆ ನೂರಾರು ಗ್ರಾಂ ಇಂಗಾಲವನ್ನು ಕೂಡಿಡಬಲ್ಲದು. ಹೀಗಾಗಿ ಬಂಡೆಯ ದಾರಿ ಸಣ್ಣದು. ಆದರೆ ಕಾಡು ಬಲಿತು ಅದರ ನಿವ್ವಳ ಗಳಿಕೆ ಕುಗ್ಗಿದ ಮೇಲೆಯೂ ಬಂಡೆ ಕರಗುತ್ತಲೇ ಇರುತ್ತದೆ.

ಗ್ವೆಯ್‌ಜೋದ ಪೂಡಿಂಗ್ ಎಂಬಲ್ಲಿ ಇದನ್ನು ಪರೀಕ್ಷಿಸಲು ಐದು ದೊಡ್ಡ ಕಾಂಕ್ರೀಟ್ ತೊಟ್ಟಿಗಳನ್ನು ಕಟ್ಟಲಾಗಿದೆ. ಎಲ್ಲ ತೊಟ್ಟಿಗಳಲ್ಲಿಯೂ ಕಾರ್ಬನೇಟ್ ಕಲ್ಲುಗಳನ್ನು ತುಂಬಿ, ಒಂದನ್ನು ಬರಿ ಕಲ್ಲಾಗಿ, ಒಂದನ್ನು ಬರಿ ಮಣ್ಣಾಗಿ ಬಿಟ್ಟು, ಉಳಿದವುಗಳಲ್ಲಿ ಬೆಳೆ, ಹುಲ್ಲು ಮತ್ತು ಪೊದೆಗಳನ್ನು ಬೆಳೆಸಿದ್ದಾರೆ. ಮಳೆ, ಬಿಸಿಲು ಎಲ್ಲಕ್ಕೂ ಒಂದೇ. ವ್ಯತ್ಯಾಸ ಇರುವುದು ನೆಲದ ಬಳಕೆಯಲ್ಲಿ ಮಾತ್ರ. ಪ್ರತಿ ತೊಟ್ಟಿಯ ತಳದಿಂದ ಹರಿದು ಬರುವ ನೀರನ್ನು ಅಳೆಯುತ್ತಾರೆ. ಹಸಿರಿದ್ದ ತೊಟ್ಟಿಗಳ ನೀರಿನಲ್ಲಿ ಬೈಕಾರ್ಬನೇಟ್ ಹೆಚ್ಚಿತ್ತು, ಏಕೆಂದರೆ ಬೇರುಗಳು ಉಸಿರಾಡುತ್ತವೆ. ಆದರೆ ಆ ತೊಟ್ಟಿಗಳಿಂದ ಹೊರಬಂದ ನೀರೇ ಕಡಿಮೆ, ಏಕೆಂದರೆ ಅದೇ ಬೇರುಗಳು ನೀರನ್ನು ಕುಡಿಯುತ್ತವೆ. ಹೊರಗೆ ಸಾಗುವ ಇಂಗಾಲವು ನೀರಿನ ಸಾಂದ್ರತೆ ಮತ್ತು ನೀರಿನ ಪ್ರಮಾಣಗಳ ಗುಣಲಬ್ಧ. ಒಂದು ಏರಿ ಇನ್ನೊಂದು ಇಳಿದರೆ ಫಲಿತಾಂಶ ಯಾವ ಕಡೆಗೂ ವಾಲಬಹುದು. ಇಂಗಾಲ ಮತ್ತು ನೀರನ್ನು ಬೇರೆಬೇರೆಯಾಗಿ ಅಧ್ಯಯನ ಮಾಡಿದರೆ ಸಾಲದು ಎಂಬುದನ್ನು ಈ ತೊಟ್ಟಿಗಳು ಬಹಳ ಚೆನ್ನಾಗಿ ತೋರಿಸಿಕೊಡುತ್ತವೆ.

ಇಲ್ಲಿ ರಸಗೊಬ್ಬರದ ಪಾತ್ರವನ್ನೂ ಹೇಳಬೇಕು. ಸಾಗುವಳಿಯ ಹೊಲಕ್ಕೆ ಹಾಕಿದ ಅಮೋನಿಯಂ ಗೊಬ್ಬರವನ್ನು ಮಣ್ಣಿನ ಬ್ಯಾಕ್ಟೀರಿಯಾಗಳು ನೈಟ್ರೇಟಾಗಿ ಮಾರ್ಪಡಿಸುವಾಗ ಆಮ್ಲ ಉಂಟಾಗುತ್ತದೆ. ಕಲ್ಲಿದ್ದಲು ಉರಿಸುವುದರಿಂದ ಬರುವ ಆಮ್ಲಮಳೆಯದೂ ಇದೇ ಪರಿಣಾಮ. ಇಂತಹ ಪ್ರಬಲ ಆಮ್ಲ ಸುಣ್ಣಕಲ್ಲನ್ನು ಕರಗಿಸಿದಾಗ ಗಾಳಿಯ ಇಂಗಾಲ ಬಂಧಿತವಾಗುವುದಿಲ್ಲ. ಬದಲಿಗೆ ಕಲ್ಲಿನೊಳಗಿನ ಇಂಗಾಲವೇ ಬಿಡುಗಡೆಯಾಗುತ್ತದೆ. ನೀರಿನ ಪರೀಕ್ಷೆಯಲ್ಲಿ ಬೈಕಾರ್ಬನೇಟ್ ಹೆಚ್ಚು ಕಂಡರೂ ಅದನ್ನು ಲಾಭವೆಂದು ಬರೆದುಕೊಳ್ಳಲಾಗದು. ಹೊಲ ಬೀಳು ಬಿದ್ದು ಗೊಬ್ಬರ ನಿಂತರೆ ಈ ನಷ್ಟ ತಪ್ಪುತ್ತದೆ.

ನೀರಿನ ಲೆಕ್ಕ

ಎಲೆಯ ಮೇಲಿನ ಸೂಕ್ಷ್ಮ ರಂಧ್ರಗಳಾದ ಪತ್ರರಂಧ್ರಗಳ ಮೂಲಕವೇ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ, ಅವುಗಳ ಮೂಲಕವೇ ನೀರಿನ ಆವಿ ಹೊರಗೆ ಹೋಗುತ್ತದೆ. ಬಾಗಿಲು ಒಂದೇ. ಒಂದು ಅಣು ಇಂಗಾಲದ ಡೈಆಕ್ಸೈಡನ್ನು ಒಳಗೆ ತಂದುಕೊಳ್ಳಲು ಗಿಡವು ನೀರಿನ ನೂರಾರು ಅಣುಗಳನ್ನು ಕಳೆದುಕೊಳ್ಳುತ್ತದೆ. ಹೀಗಾಗಿ ಇಂಗಾಲವನ್ನು ಕೂಡಿಡುವ ಯಾವ ಹಸಿರೂ ನೀರಿನ ಬೆಲೆ ಕೊಡದೆ ಅದನ್ನು ಗಳಿಸುವುದಿಲ್ಲ. ಖರ್ಚಾದ ನೀರಿಗೆ ಎಷ್ಟು ಇಂಗಾಲ ದೊರೆಯಿತು ಎಂಬುದನ್ನು ಜಲಬಳಕೆ ದಕ್ಷತೆ ಎನ್ನುತ್ತಾರೆ. ಈ ದಕ್ಷತೆಯಲ್ಲಿ ಮೆಕ್ಕೆಜೋಳದಂತಹ ಬೆಳೆ ಅದರ ಜಾಗಕ್ಕೆ ಬರುವ ಪೊದೆಗಳಿಗಿಂತ ಮೇಲು ಎಂಬುದು ಸ್ವಾರಸ್ಯಕರ. ಆದರೆ ಜೋಳದ ಹೊಲ ವರ್ಷದ ಬಹುಭಾಗ ಬರಿದಾಗಿರುತ್ತದೆ, ಆಗ ಮಣ್ಣಿನಿಂದ ನೇರವಾಗಿ ಆವಿಯಾಗುವ ನೀರು ಯಾವ ಇಂಗಾಲವನ್ನೂ ತರುವುದಿಲ್ಲ. ನೆಲ ಪೂರ್ತಿ ಹಸಿರಾದಾಗ ಒಟ್ಟು ಆವಿಯಲ್ಲಿ ಎಲೆಗಳ ಮೂಲಕ ಹೋಗುವ ಪಾಲು ಹೆಚ್ಚುತ್ತದೆ.

ಬೀಳು ಹೊಲದ ವಯಸ್ಸಿನೊಂದಿಗೆ ನೀರಿನ ಮೂಲವೂ ಬದಲಾಗುತ್ತದೆ. ಹುಲ್ಲಿನ ಬೇರು ಮೇಲುಮಣ್ಣಿನಲ್ಲಿಯೇ ಇರುವುದರಿಂದ ಮಳೆ ನಿಂತ ಕೆಲವು ದಿನಗಳಲ್ಲಿಯೇ ಅದು ಬಾಡುತ್ತದೆ. ಪೊದೆ ಮತ್ತು ಮರಗಳ ಬೇರು ಎಪಿಕಾರ್ಸ್ಟಿನ ಬಿರುಕುಗಳೊಳಗೆ ಇಳಿದು, ಅಲ್ಲಿ ತಂಗಿದ ಹಿಂದಿನ ಮಳೆಯ ನೀರನ್ನು ಹೀರುತ್ತದೆ. ಗಿಡದ ಕಾಂಡದ ರಸದಲ್ಲಿರುವ ಆಮ್ಲಜನಕ ಮತ್ತು ಜಲಜನಕದ ಐಸೊಟೋಪುಗಳನ್ನು ಮಳೆನೀರು, ಮಣ್ಣಿನ ತೇವ ಮತ್ತು ಚಿಲುಮೆ ನೀರಿನೊಂದಿಗೆ ಹೋಲಿಸಿ ಇದನ್ನು ಪತ್ತೆ ಹಚ್ಚುತ್ತಾರೆ. ಒಣ ಋತುವಿನಲ್ಲಿಯೂ ಇಂಗಾಲದ ಗಳಿಕೆ ಮುಂದುವರಿಯುವುದು ಬೀಳು ಬಲಿತುದರ ಲಾಭ. ನಷ್ಟ ಎಲ್ಲಿ ಎಂದರೆ, ಎಪಿಕಾರ್ಸ್ಟಿನಿಂದ ಜಿನುಗಿ ಬೇಸಗೆಯಲ್ಲಿ ಹಳ್ಳಿಯ ಸಣ್ಣ ಚಿಲುಮೆಯನ್ನು ಜೀವಂತವಾಗಿಡುತ್ತಿದ್ದುದೂ ಅದೇ ನೀರು.

ಇದರಿಂದ ಬೀಳು ಹಸಿರಾದಲ್ಲೆಲ್ಲ ಚಿಲುಮೆಗಳು ಬತ್ತುತ್ತವೆ ಎಂದು ತೀರ್ಮಾನಿಸುವುದು ಅವಸರದ ಮಾತಾದೀತು. ಬರಿ ಬಂಡೆಯ ಮೇಲೆ ಬಿದ್ದ ಮಳೆ ಒಮ್ಮೆಲೇ ಗುಹೆಗಳಿಗೆ ಧುಮುಕಿ ಎರಡು ಮೂರು ದಿನಗಳಲ್ಲಿ ಹರಿದುಹೋಗುತ್ತದೆ. ಅದರಿಂದ ಚಿಲುಮೆ ಮಳೆಗಾಲದಲ್ಲಿ ಕೆಂಪು ನೀರನ್ನು ಉಕ್ಕಿಸಿ ಬೇಸಗೆಯಲ್ಲಿ ಸುಮ್ಮನಾಗುತ್ತದೆ. ಮಣ್ಣು ಮತ್ತು ತರಗೆಲೆಗಳ ಹೊದಿಕೆ ನೀರನ್ನು ತಡೆದು ನಿಧಾನವಾಗಿ ಇಳಿಸುತ್ತದೆ. ಒಟ್ಟು ನೀರು ಕಡಿಮೆಯಾದರೂ ಅದು ಬರುವ ಕಾಲ ಹೆಚ್ಚು ಸಮನಾಗಬಹುದು, ಮಣ್ಣು ಬೆರೆಯದೆ ತಿಳಿಯಾಗಿರಬಹುದು. ಮಳೆ ಎಷ್ಟು, ಮಣ್ಣು ಎಷ್ಟು ಆಳ, ಬಂಡೆಯಲ್ಲಿ ಬಿರುಕು ಎಂತಹುದು, ಬೆಳೆದಿರುವುದು ಯಾವ ಗಿಡ ಎಂಬುದರ ಮೇಲೆ ಉತ್ತರ ನಿಂತಿದೆ. 2009–10ರ ಚಳಿಗಾಲದಿಂದ ವಸಂತದವರೆಗೆ ಯುನ್ನಾನ್, ಗ್ವೆಯ್‌ಜೋ ಮತ್ತು ಗ್ವಾಂಗ್‌ಷಿಗಳನ್ನು ಕಾಡಿದ ತೀವ್ರ ಬರದಲ್ಲಿ ಲಕ್ಷಾಂತರ ಜನ ಕುಡಿಯುವ ನೀರಿಗೆ ಪರದಾಡಿದರು. ಅಂತಹ ವರ್ಷದಲ್ಲಿ ಗುಡ್ಡದ ಮೇಲಿನ ಪೊದೆಗೆ ಸಿಕ್ಕ ನೀರು ಮತ್ತು ಕೆಳಗಿನ ಮನೆಯ ಕೊಡಕ್ಕೆ ಸಿಗದ ನೀರು ಒಂದೇ ಖಾತೆಯವು.

ನೆಟ್ಟ ತೋಪಿನ ಮಾತು ಬೇರೆ. ಗ್ವಾಂಗ್‌ಷಿಯಲ್ಲಿ ವೇಗವಾಗಿ ಬೆಳೆಯುವ ನೀಲಗಿರಿಯನ್ನು ಬಹಳ ವಿಸ್ತಾರವಾಗಿ ಬೆಳೆಸಿದ್ದಾರೆ. ಅದು ಇಂಗಾಲವನ್ನು ಬೇಗ ಕೂಡಿಡುತ್ತದೆ, ಬೇಗ ಕಡಿಯಲ್ಪಡುತ್ತದೆ. ನೀರಿನ ವಿಷಯದಲ್ಲಿ ನೀಲಗಿರಿಯ ಬಗೆಗಿನ ವಾದಗಳು ಕರ್ನಾಟಕದ ಓದುಗರಿಗೆ ಹೊಸವಲ್ಲ.

ಅಳೆಯುವ ವಿಧಾನ ಮತ್ತು ಅದರ ತೊಡಕು

ನೆಲ ಮತ್ತು ಗಾಳಿಗಳ ನಡುವಿನ ವಿನಿಮಯವನ್ನು ಅಳೆಯಲು ಎಡ್ಡಿ ಕೋವೇರಿಯನ್ಸ್ ಎಂಬ ವಿಧಾನ ಪ್ರಚಲಿತವಾಗಿದೆ. ಗಿಡಗಳಿಗಿಂತ ಎತ್ತರದ ಗೋಪುರವೊಂದರ ಮೇಲೆ ಗಾಳಿಯ ವೇಗವನ್ನೂ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯನ್ನೂ ಸೆಕೆಂಡಿಗೆ ಹತ್ತಿಪ್ಪತ್ತು ಬಾರಿ ಅಳೆಯುತ್ತಾರೆ. ಮೇಲೇಳುವ ಸುಳಿಗಳು ಏನನ್ನು ಹೊತ್ತೊಯ್ದವು, ಕೆಳಗಿಳಿಯುವ ಸುಳಿಗಳು ಏನನ್ನು ತಂದವು ಎಂಬುದರ ವ್ಯತ್ಯಾಸದಿಂದ ನಿವ್ವಳ ವಿನಿಮಯ ದೊರೆಯುತ್ತದೆ. ಸಮತಟ್ಟಾದ, ಒಂದೇ ಬಗೆಯ ಹೊದಿಕೆಯಿರುವ ನೆಲಕ್ಕೆ ಇದು ಹೇಳಿಮಾಡಿಸಿದ ವಿಧಾನ. ಗೋಪುರಾಕಾರದ ಗುಡ್ಡಗಳು, ಕುಳಿಗಳು, ಹತ್ತು ಹೆಜ್ಜೆಗೊಮ್ಮೆ ಬದಲಾಗುವ ಬಂಡೆ ಮತ್ತು ಪೊದೆಗಳ ಕಾರ್ಸ್ಟ್ ನಾಡಿಗೆ ಅಷ್ಟಾಗಿ ಒಗ್ಗುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಭೂಮಿಯೊಳಗಿದೆ. ಬಿರುಕು ಮತ್ತು ಗುಹೆಗಳಲ್ಲಿ ಮಣ್ಣಿನಿಂದ ಇಳಿದ ಇಂಗಾಲದ ಡೈಆಕ್ಸೈಡ್ ತಿಂಗಳುಗಟ್ಟಲೆ ಸಂಗ್ರಹವಾಗಿರುತ್ತದೆ. ಆಗ್ನೇಯ ಸ್ಪೇನಿನ ಸಿಯೆರಾ ದೆ ಗಾದೋರ್ ಬೆಟ್ಟದ ಸುಣ್ಣಕಲ್ಲಿನ ಪೊದೆಗಾಡಿನಲ್ಲಿ ನಡೆದ ಅಳತೆಗಳು ಇದನ್ನು ಬೆಳಕಿಗೆ ತಂದವು. ಬೇಸಗೆಯಲ್ಲಿ ಮಣ್ಣು ಒಣಗಿ, ಗಿಡಗಳೂ ಸೂಕ್ಷ್ಮಜೀವಿಗಳೂ ಬಹುತೇಕ ಸುಮ್ಮನಿರುವಾಗ, ಗಾಳಿ ಬೀಸಿದ ದಿನಗಳಲ್ಲಿ ಗೋಪುರದ ಉಪಕರಣಗಳು ನೆಲದಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿರುವುದನ್ನು ತೋರಿಸಿದವು. ಅದು ಯಾವ ಜೀವಿಯ ಆ ಹೊತ್ತಿನ ಉಸಿರೂ ಅಲ್ಲ. ಬಿರುಕುಗಳ ಮೂಲಕ ಬೆಟ್ಟದೊಳಗಿನ ಗಾಳಿ ಬದಲಾಗುತ್ತಿರುವುದು. ಮಣ್ಣು ಒದ್ದೆಯಾದಾಗ ಈ ಕಿಂಡಿಗಳು ಮುಚ್ಚಿಕೊಳ್ಳುತ್ತವೆ. ಇದನ್ನು ತಿಳಿಯದೆ ಒಂದೆರಡು ತಿಂಗಳ ಅಳತೆಯನ್ನು ವರ್ಷಕ್ಕೆ ಗುಣಿಸಿದರೆ, ಬೀಳು ಹೊಲವು ಇರುವುದಕ್ಕಿಂತ ದೊಡ್ಡ ಸಂಗ್ರಾಹಕವಾಗಿಯೋ ಇಲ್ಲದ ವಿಸರ್ಜಕವಾಗಿಯೋ ಕಾಣುತ್ತದೆ. ಬಂಡೆಯ ಇಂಗಾಲದಲ್ಲಿ ವಿಕಿರಣಶೀಲ ಇಂಗಾಲ-14 ಸಂಪೂರ್ಣ ನಶಿಸಿಹೋಗಿರುವುದರಿಂದ, ಕಲ್ಲಿನ ಪಾಲನ್ನು ಗುರುತಿಸಲು ಅದು ನೆರವಾಗುತ್ತದೆ.

ಸ್ಲೊವೇನಿಯಾದ ಕ್ರಾಸ್

ಕಾರ್ಸ್ಟ್ ಎಂಬ ಹೆಸರಿನ ತವರಾದ ಕ್ರಾಸ್, ಶತಮಾನಗಳ ಮೇಯಿಸುವಿಕೆ ಮತ್ತು ಮರ ಕಡಿತಗಳಿಂದ 19ನೆಯ ಶತಮಾನದ ಹೊತ್ತಿಗೆ ಕಲ್ಲಿನ ಬಯಲಾಗಿತ್ತು. ಬುರ್ಯಾ ಎಂಬ ಬಿರುಸಾದ ಈಶಾನ್ಯ ಗಾಳಿ ಉಳಿದ ಮಣ್ಣನ್ನೂ ಹಾರಿಸುತ್ತಿತ್ತು. ರೈತರು ಕುಳಿಗಳ ತಳದಲ್ಲಿ ಸೇರಿದ್ದ ಕೆಂಪು ಮಣ್ಣಿನಲ್ಲಿ ಬೇಸಾಯ ಮಾಡಿ, ಹೆಕ್ಕಿದ ಕಲ್ಲುಗಳಿಂದ ಗಾರೆಯಿಲ್ಲದ ಗೋಡೆಗಳನ್ನು ಕಟ್ಟಿದರು. 1859ರಲ್ಲಿ ಟ್ರಿಯೆಸ್ಟೆ ಬಳಿಯ ಬಾಜೊವಿತ್ಸಾದಲ್ಲಿ ಕಪ್ಪು ಪೈನ್ ಸಸಿಗಳನ್ನು ಯಶಸ್ವಿಯಾಗಿ ಬೆಳೆಸಲಾಯಿತು. ಎರಡನೆಯ ಮಹಾಯುದ್ಧದ ನಂತರ ಕುರಿದನಗಳು ಕಡಿಮೆಯಾಗಿ, ಜನ ಪಟ್ಟಣ ಸೇರಿದಂತೆ ಓಕ್, ಜುನಿಪರ್ ಮುಂತಾದ ಪೊದೆ ಮರಗಳು ಹುಲ್ಲುಗಾವಲುಗಳನ್ನು ತಾವಾಗಿ ಆವರಿಸಿದವು. ಇಂದು ಅಲ್ಲಿ ಅರ್ಧಕ್ಕೂ ಹೆಚ್ಚು ನೆಲ ಕಾಡು.

ಹತ್ತಿರದ ಪೊದ್ಗೊರ್ಸ್ಕಿ ಕ್ರಾಸ್ ಎಂಬಲ್ಲಿ ಪೊದೆ ಆವರಿಸಿದ ಹಳೆಯ ಹುಲ್ಲುಗಾವಲು ಮತ್ತು ಇನ್ನೂ ಬಳಕೆಯಲ್ಲಿದ್ದ ಹುಲ್ಲುಗಾವಲುಗಳ ಇಂಗಾಲ ವಿನಿಮಯವನ್ನು ಜೊತೆಜೊತೆಯಾಗಿ ಅಳೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ವರ್ಷದ ಲೆಕ್ಕದಲ್ಲಿ ಪೊದೆ ಬೆಳೆದ ತಾಣ ಇಂಗಾಲವನ್ನು ಗಳಿಸಿತ್ತು, ಹುಲ್ಲುಗಾವಲು ಕಳೆದುಕೊಂಡಿತ್ತು. ಬೀಳು ಬಿಡುವುದರ ಪರವಾಗಿ ಇದನ್ನು ಓದಬಹುದು. ಆದರೆ ಹುಲ್ಲುಗಾವಲಿನೊಂದಿಗೆ ಅಲ್ಲಿನ ಅಪರೂಪದ ಹೂಗಿಡಗಳೂ ಚಿಟ್ಟೆಗಳೂ ಹೋಗುತ್ತವೆ ಎಂಬುದು ಸಂರಕ್ಷಕರ ಆಕ್ಷೇಪ.

ಕೂಡಿಟ್ಟ ಇಂಗಾಲ ಉಳಿಯುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. 2022ರ ಜುಲೈನಲ್ಲಿ ಕ್ರಾಸ್‌ನಲ್ಲಿ ಹೊತ್ತಿಕೊಂಡ ಕಾಳ್ಗಿಚ್ಚು ಸ್ಲೊವೇನಿಯಾದ ಇತಿಹಾಸದಲ್ಲಿಯೇ ಅತಿ ದೊಡ್ಡದು. ಸುಮಾರು 3,500 ಹೆಕ್ಟೇರ್ ಸುಟ್ಟುಹೋಯಿತು. ಹೊಲ ಮತ್ತು ಹುಲ್ಲುಗಾವಲುಗಳು ಹಿಂದೆ ಬೆಂಕಿಗೆ ಅಡ್ಡವಾಗಿದ್ದವು. ಅವು ಪೊದೆಗಾಡಾಗಿ ಬೆಸೆದುಕೊಂಡಾಗ ಆ ಅಡ್ಡಿ ಉಳಿಯಲಿಲ್ಲ. ಮೊದಲ ಮಹಾಯುದ್ಧದಿಂದ ಮಣ್ಣಿನಲ್ಲಿ ಹೂತಿದ್ದ ಸಿಡಿಗುಂಡುಗಳು ಬಿಸಿಗೆ ಸಿಡಿದು, ನಂದಿಸುವವರು ಒಳಗೆ ಹೋಗಲಾಗದೆ ನಿಂತರು.

ಲೆಕ್ಕಪತ್ರದ ಪ್ರಶ್ನೆಗಳು

ಕಾರ್ಸ್ಟ್ ಮತ್ತು ಇಂಗಾಲ ಚಕ್ರದ ಸಂಬಂಧವನ್ನು ಅಂತರರಾಷ್ಟ್ರೀಯ ಮಟ್ಟದಲ್ಲಿ ಚರ್ಚೆಗೆ ತಂದವರಲ್ಲಿ ಚೀನಾದ ಭೂವಿಜ್ಞಾನಿ ಯುವಾನ್ ದಾವ್‌ಷ್ಯಾನ್ ಪ್ರಮುಖರು. ಯುನೆಸ್ಕೋ ಆಶ್ರಯದ ಅಂತರರಾಷ್ಟ್ರೀಯ ಕಾರ್ಸ್ಟ್ ಸಂಶೋಧನಾ ಕೇಂದ್ರವು 2008ರಲ್ಲಿ ಗ್ವಾಂಗ್‌ಷಿಯ ಗ್ವೆಯ್‌ಲಿನ್‌ನಲ್ಲಿ ಆರಂಭವಾಯಿತು. ಬಂಡೆ ಕರಗುವಾಗ ಹಿಡಿದ ಇಂಗಾಲವನ್ನು ದೇಶಗಳ ಹವಾಮಾನ ಲೆಕ್ಕದಲ್ಲಿ ಸೇರಿಸಬಹುದೇ ಎಂಬ ಬಗ್ಗೆ ಒಮ್ಮತವಿಲ್ಲ. ಬೈಕಾರ್ಬನೇಟ್ ತುಂಬಿದ ನೀರು ಗುಹೆಯ ಛಾವಣಿಯಿಂದ ತೊಟ್ಟಿಕ್ಕಿ ಸುಣ್ಣದ ಕಂಬವಾದಾಗಲೂ, ಸಮುದ್ರದಲ್ಲಿ ಹವಳ ಚಿಪ್ಪುಗಳಾದಾಗಲೂ, ಹಿಡಿದ ಇಂಗಾಲ ಮರಳಿ ಬಿಡುಗಡೆಯಾಗುತ್ತದೆ. ಆದ್ದರಿಂದ ದೀರ್ಘಕಾಲದಲ್ಲಿ ಲಾಭ ಶೂನ್ಯ ಎಂಬುದು ಒಂದು ವಾದ. ಹೊಳೆ ಕೆರೆಗಳಲ್ಲಿನ ಜಲಸಸ್ಯಗಳು ಬೈಕಾರ್ಬನೇಟನ್ನು ಬಳಸಿ ಅದರ ಒಂದಂಶವನ್ನು ಕೆಸರಿನಲ್ಲಿ ಹೂಳುತ್ತವೆ, ಅಷ್ಟು ಭಾಗ ನಿಜವಾದ ಗಳಿಕೆ ಎಂಬುದು ಇನ್ನೊಂದು. ನೂರಿನ್ನೂರು ವರ್ಷಗಳ ಹವಾಮಾನ ಲೆಕ್ಕಕ್ಕೆ ಎರಡನೆಯ ವಾದದಲ್ಲಿ ಹುರುಳಿದ್ದರೂ ಅದರ ಪ್ರಮಾಣವನ್ನು ಹಿಗ್ಗಿಸಿ ಹೇಳುವ ಪ್ರವೃತ್ತಿಯೂ ಇದೆ. ಎರಡು ಸಲ ಎಣಿಸುವ ಅಪಾಯ ಮತ್ತೊಂದು. ಬಂಡೆಯನ್ನು ಕರಗಿಸಿದ ಇಂಗಾಲದ ಡೈಆಕ್ಸೈಡ್ ಬಹುಪಾಲು ಬೇರುಗಳಿಂದ ಬಂದುದು, ಅಂದರೆ ಗಿಡ ಅದನ್ನು ಮೊದಲೇ ಗಾಳಿಯಿಂದ ಹಿಡಿದಿತ್ತು. ಗೋಪುರದ ಉಪಕರಣ ಅದನ್ನು ಆಗಲೇ ಎಣಿಸಿರುತ್ತದೆ.

ಭಾರತದಲ್ಲಿ

ಭಾರತದಲ್ಲಿ ವಿಶಿಷ್ಟವಾದ ಕಾರ್ಸ್ಟ್ ಭೂರೂಪಗಳು ಮೇಘಾಲಯದಲ್ಲಿಯೂ, ಬೆಲುಂ ಗುಹೆಗಳಿರುವ ಆಂಧ್ರಪ್ರದೇಶದ ಸುಣ್ಣಕಲ್ಲು ಪ್ರದೇಶದಲ್ಲಿಯೂ ಕಂಡುಬರುತ್ತವೆ. ಕರ್ನಾಟಕದಲ್ಲಿ ಕಲಬುರಗಿ ಸೀಮೆಯ ಶಹಾಬಾದ್ ಕಲ್ಲು ಸುಣ್ಣಕಲ್ಲೇ ಆಗಿದೆ. ಬಾಗಲಕೋಟೆಯಲ್ಲಿಯೂ ಸುಣ್ಣಕಲ್ಲಿನ ನಿಕ್ಷೇಪಗಳಿವೆ. ಆದರೆ ಕಲಬುರಗಿಯಲ್ಲಿ ಮಳೆ ಕಡಿಮೆ, ಪದರಗಳು ಸಮತಟ್ಟು, ಹೊಲಗಳ ಬಹುಭಾಗದಲ್ಲಿ ನೀರನ್ನು ಹಿಡಿದಿಡುವ ಕರಿಮಣ್ಣಿದೆ. ಆದ್ದರಿಂದ ಗ್ವೆಯ್‌ಜೋದ ಕಡಿದಾದ ಕಲ್ಲುಹೊಲಗಳ ಫಲಿತಾಂಶಗಳನ್ನು ಅಲ್ಲಿನ ತೊಗರಿ ಹೊಲಗಳಿಗೆ ನೇರವಾಗಿ ಅನ್ವಯಿಸಲಾಗದು. ಉತ್ತರ ಕನ್ನಡದ ಯಾಣದ ಶಿಖರಗಳು ಕರಗಿ ಉಳಿದ ಸುಣ್ಣಕಲ್ಲಿನ ರೂಪಗಳಾಗಿದ್ದರೂ ಅವು ದಟ್ಟ ಕಾಡಿನ ನಡುವೆ ನಿಂತಿವೆ. ಅಲ್ಲಿ ಬೀಳು ಬೀಳಲು ಹೊಲವೇ ಇರಲಿಲ್ಲ.